ಉದುರಿಹೋದ 'ಅಂತೆ'

ಹಳೆ ಪುಸ್ತಕ ಕೊಳ್ಳುವ ಚಟ ಇರುವವರ ಮನೆಗೆ ಹೋದಾಗ, ಅವರ ಕಪಾಟಿನಲ್ಲಿ ರೋಮ್ ಕಂಡರೆ, ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅಗಸ್ಟಸ್ ಚಕ್ರವರ್ತಿ ಹೇಗೆ ಸತ್ತ? ಉತ್ತರ ತಡವರಿಸದೆ ಬರುತ್ತದೆ: ಹೆಂಡತಿ ಲಿವಿಯಾ ವಿಷ ಹಾಕಿದಳು, ಅವನು ತನ್ನ ಕೈಯಿಂದಲೇ ಕಿತ್ತು ತಿನ್ನುತ್ತಿದ್ದ ಅಂಜೂರಕ್ಕೆ, ಹಣ್ಣು ಮರದಲ್ಲಿರುವಾಗಲೇ ವಿಷ ಸವರಿದ್ದಳು. ಎಲ್ಲಿ ಓದಿದಿರಿ ಅಂದರೆ ಕೈ ಕಪಾಟಿನ ಕಡೆ ಚಾಚುತ್ತದೆ. ಅಲ್ಲಿ ಬೆನ್ನು ಬಿರಿದ ಪೆಂಗ್ವಿನ್ ಪ್ರತಿ, ರಾಬರ್ಟ್ ಗ್ರೇವ್ಸ್‌ನ 'ಐ, ಕ್ಲಾಡಿಯಸ್'. ಅದರ ಪಕ್ಕ ಅದರದೇ ಎರಡನೆಯ ಭಾಗ, 'ಕ್ವೊ ವಾಡಿಸ್', 'ಬೆನ್ ಹರ್', ಕಾಲೀನ್ ಮೆಕಲಾ ಅವರ ಇಟ್ಟಿಗೆ ಗಾತ್ರದ ಒಂದೆರಡು ಸಂಪುಟ, ರಾಬರ್ಟ್ ಹ್ಯಾರಿಸ್ ಬರೆದ ಸಿಸೆರೊ ಕಾದಂಬರಿಗಳು. ಟ್ಯಾಸಿಟಸ್ ಇಲ್ಲ. ಸ್ವೆಟೋನಿಯಸ್ ಇಲ್ಲ. ಗಿಬ್ಬನ್ ಇದ್ದರೆ ಮೊದಲನೆಯ ಸಂಪುಟ ಮಾತ್ರ, ಅದೂ ಬಿಚ್ಚಿದ ಗುರುತಿಲ್ಲದ್ದು.

ನನ್ನ ಜಗಳ ಈ ಕಪಾಟಿನ ಜೊತೆ. ಕಾದಂಬರಿ ಕೊಳ್ಳಬೇಡಿ ಎಂದು ಹೇಳುವ ಮಡಿವಂತಿಕೆ ನನಗಿಲ್ಲ. ಮೇಲಿನ ಪುಸ್ತಕಗಳಲ್ಲಿ ಬಹುಪಾಲು ನನ್ನ ಬಳಿಯೂ ಇವೆ, ಕೆಲವು ಎರಡೆರಡು ಪ್ರತಿ. ಆದರೆ ಆಕರಗ್ರಂಥ ಅದೇ ರಾಶಿಯಲ್ಲಿ, ಅದೇ ಬೆಲೆಗೆ, ಕೆಲವೊಮ್ಮೆ ಅರ್ಧ ಬೆಲೆಗೆ ಬಿದ್ದಿರುವಾಗ ಅದನ್ನು ಪಕ್ಕಕ್ಕೆ ಸರಿಸಿ ಕಾದಂಬರಿಯನ್ನಷ್ಟೇ ಎತ್ತಿಕೊಂಡು ಬಂದು, ಆಮೇಲೆ "ನನಗೆ ರೋಮನ್ ಇತಿಹಾಸದ ಹುಚ್ಚು" ಎಂದು ಹೇಳಿಕೊಳ್ಳುತ್ತಾರಲ್ಲ, ಅದನ್ನು ನಾನು ಒಪ್ಪಲಾರೆ. ಅವರಿಗಿರುವುದು ಅಂತೆಕಂತೆಯ ಹುಚ್ಚು. ಆ ಹುಚ್ಚು ನನಗೂ ಇದೆ. ನಾನು ಅದನ್ನು ಇತಿಹಾಸ ಎಂದು ಕರೆಯುವುದಿಲ್ಲ, ಅಷ್ಟೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಹಳೆ ಪುಸ್ತಕ ಕೆದಕುವವರಿಗೆ ರೋಮ್ ಸಿಗುವಷ್ಟು ಸುಲಭವಾಗಿ ಚೀನಾ ಸಿಗುವುದಿಲ್ಲ, ಇರಾನ್ ಸಿಗುವುದಿಲ್ಲ. ಕಾರಣ ಸರಳ. ಇಂಗ್ಲಿಷರು ತಮ್ಮ ಸಾಮ್ರಾಜ್ಯವನ್ನು ರೋಮಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. 1835ರ ಶಿಕ್ಷಣ ಟಿಪ್ಪಣಿಯ ಮೆಕಾಲೆಯೇ 1842ರಲ್ಲಿ ಪ್ರಾಚೀನ ರೋಮಿನ ಲಾವಣಿಗಳನ್ನು ಪ್ರಕಟಿಸಿದವನು. ಆ ಪಠ್ಯಕ್ರಮದ ತಲಾನಿ ಇನ್ನೂ ನಮ್ಮ ಫುಟ್‌ಪಾತಿನಲ್ಲಿದೆ: ಯಾವುದೋ ಶಾಲೆಯ ಬಹುಮಾನದ ಚೀಟಿ ಅಂಟಿಸಿದ 'ಲಾಸ್ಟ್ ಡೇಸ್ ಆಫ್ ಪಾಂಪೆ', ಕಾಲೇಜು ಗ್ರಂಥಾಲಯದ ಮೊಹರಿನ ಮೇಲೆ 'ರದ್ದು' ಎಂದು ಹೊಡೆದ ಲಿವಿ, ನಿವೃತ್ತ ಮೇಷ್ಟ್ರ ಮಕ್ಕಳು ತೂಕಕ್ಕೆ ಹಾಕಿದ ಪೆಂಗ್ವಿನ್ ಕ್ಲಾಸಿಕ್ಸ್. ಅಂದರೆ ರಾಶಿ ನಮಗೆ ಮೋಸ ಮಾಡುತ್ತಿಲ್ಲ. ಎರಡನ್ನೂ ಒಟ್ಟಿಗೇ ಇಟ್ಟಿದೆ. ಆಯ್ಕೆ ನಮ್ಮದು.

ಈ ಚಟ ನಮ್ಮ ಕಾಲದ್ದೂ ಅಲ್ಲ. ಎರಡನೆಯ ಶತಮಾನದಲ್ಲಿ ಆಲಸ್ ಗೆಲಿಯಸ್ ಎಂಬ ರೋಮನ್ ಲೇಖಕ ಗ್ರೀಸಿನಿಂದ ಇಟಲಿಗೆ ಮರಳುತ್ತ ಬ್ರಿಂಡಿಸಿ ಬಂದರಿನಲ್ಲಿ ಇಳಿದ. ಅಡ್ಡಾಡುವಾಗ ಮಾರಾಟಕ್ಕಿಟ್ಟ ಪುಸ್ತಕದ ಕಟ್ಟುಗಳು ಕಣ್ಣಿಗೆ ಬಿದ್ದವು. ಎಲ್ಲ ಗ್ರೀಕ್ ಪುಸ್ತಕಗಳು, ಹಳೆಯ ದೊಡ್ಡ ಹೆಸರುಗಳು, ವರ್ಷಗಟ್ಟಲೆ ಯಾರೂ ಮುಟ್ಟದೆ ಕೊಳೆ ಹಿಡಿದಿದ್ದವು. ಬೆಲೆ ಕೇಳಿದರೆ ನಂಬಲಾಗದಷ್ಟು ಅಗ್ಗ. ಆಸೆಬುರುಕ ರಾಶಿಗಟ್ಟಲೆ ಕೊಂಡ. ಕೊಂಡವನು ಮುಂದಿನ ಎರಡು ರಾತ್ರಿಗಳಲ್ಲಿ ಅಷ್ಟನ್ನೂ ಓದಿ ಟಿಪ್ಪಣಿ ಮಾಡಿಕೊಂಡ. 'ಆಟಿಕ್ ರಾತ್ರಿಗಳು' ಎಂಬ ತನ್ನ ಗ್ರಂಥದಲ್ಲಿ ಇದನ್ನೆಲ್ಲ ಅವನೇ ಹೇಳಿಕೊಂಡಿದ್ದಾನೆ. ಹಳೆ ಪುಸ್ತಕ ಕೊಳ್ಳುವವರಲ್ಲಿ ನಾನು ಅಸೂಯೆ ಪಡುವ ಏಕೈಕ ವ್ಯಕ್ತಿ ಇವನು. ಅಗ್ಗಕ್ಕೆ ಸಿಕ್ಕಿತೆಂದಲ್ಲ, ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದನೆಂದು.

ಆ ಕಟ್ಟುಗಳಲ್ಲಿ ಕ್ಟೀಸಿಯಸ್ ಇದ್ದ, ಒನೆಸಿಕ್ರಿಟಸ್ ಇದ್ದ. ಇಬ್ಬರೂ ಭಾರತದ ಬಗ್ಗೆ ಬರೆದವರು. ಒನೆಸಿಕ್ರಿಟಸ್ ಅಲೆಕ್ಸಾಂಡರನ ದಂಡಿನ ಜೊತೆ ಇತ್ತ ಬಂದಿದ್ದವನು. ಕ್ಟೀಸಿಯಸ್ ಪರ್ಷಿಯಾದ ಆಸ್ಥಾನದಲ್ಲಿ ವೈದ್ಯನಾಗಿದ್ದು, ಅಲ್ಲಿಯೇ ಕುಳಿತು ಕೇಳಿದ್ದನ್ನು ಬರೆದವನು. ಅಲ್ಲಿ ಓದಿದ್ದನ್ನೂ ಪ್ಲಿನಿಯಲ್ಲಿ ಕಂಡದ್ದನ್ನೂ ಸೇರಿಸಿ ಗೆಲಿಯಸ್ ಪಟ್ಟಿ ಮಾಡುತ್ತಾನೆ: ಭಾರತದ ಬೆಟ್ಟಗಳಲ್ಲಿ ನಾಯಿತಲೆಯ ಜನ, ಅವರು ಮಾತಾಡುವುದಿಲ್ಲ, ಬೊಗಳುತ್ತಾರೆ. ದೂರದ ಅಂಚಿನಲ್ಲಿ ಮೈತುಂಬ ಗರಿಯಿರುವ ಜನ, ಅವರಿಗೆ ಅನ್ನಾಹಾರ ಬೇಡ, ಹೂವಿನ ವಾಸನೆ ಸಾಕು. ಪಟ್ಟಿ ಮಾಡುತ್ತಿರುವಾಗಲೇ ಅವನಿಗೆ ಹೇಸಿಗೆಯಾಯಿತು. ಬದುಕಿಗೆ ಏನನ್ನೂ ಕೂಡಿಸದ ಬರಹ ಇದು ಎಂದು ತೀರ್ಪು ಕೊಟ್ಟ.

ನಾಯಿತಲೆಯವರು ನಾವು. ನಮ್ಮ ಬಗ್ಗೆ ಯಾರೋ ಎಲ್ಲೋ ಕುಳಿತು ಬರೆದದ್ದನ್ನು ಇನ್ಯಾರೋ ನಕಲು ಮಾಡಿ, ಅದನ್ನು ಮತ್ತೊಬ್ಬ ನಂಬಿ, ಶತಮಾನಗಟ್ಟಲೆ ಅದೇ ಭಾರತವಾಗಿತ್ತು. ಉತ್ತರ ಕೊಡಲು ನಾವು ಅಲ್ಲಿರಲಿಲ್ಲ. ಹೀಗೆ ಉತ್ತರ ಕೊಡಲಾಗದೆ ಹೋದ ಇನ್ನೊಬ್ಬಳು ಲಿವಿಯಾ. ಅವಳ ಮೇಲಿನ ಆರೋಪಪಟ್ಟಿಯನ್ನು ಬಿಡಿಸಿ ನೋಡೋಣ.

ಮೊದಲ ಸಾವು ಕ್ರಿ.ಪೂ. 23ರಲ್ಲಿ, ಮಾರ್ಸೆಲಸ್‌ನದು. ಅಗಸ್ಟಸ್‌ನ ತಂಗಿ ಎನ್ನಬಹುದಾದಷ್ಟು ಆಪ್ತಳಾದ ಅಕ್ಕ ಒಕ್ಟೇವಿಯಾಳ ಮಗ, ಅಗಸ್ಟಸ್‌ನ ಅಳಿಯ ಕೂಡ. ಲಿವಿಯಾ ಮೇಲೆ ಅನುಮಾನ ಬಂದಿತ್ತು ಎಂದು ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಬರೆಯುತ್ತಾನೆ: ಆ ವರ್ಷವೂ ಮರುವರ್ಷವೂ ಎಂಥ ರೋಗದ ವರ್ಷಗಳೆಂದರೆ ಜನ ಗುಂಪುಗುಂಪಾಗಿ ಸತ್ತರು, ಹಾಗಾಗಿ ಆ ಅನುಮಾನ ಸರಿಯೇ ಎಂಬುದೇ ವಿವಾದವಾಯಿತು. ಮೊದಲ ಅರ್ಧ ಎಲ್ಲರಿಗೂ ಗೊತ್ತು. ಎರಡನೆಯ ಅರ್ಧ ಹೇಳಿದವರನ್ನು ನಾನು ಯಾವ ಕಪಾಟಿನ ಮುಂದೆಯೂ ಕಂಡಿಲ್ಲ.

ಮುಂದಿನ ಎರಡು ಸಾವು ಮೊಮ್ಮಕ್ಕಳವು. ಲೂಸಿಯಸ್ ಕ್ರಿ.ಶ. 2ರಲ್ಲಿ ಇಂದಿನ ಮಾರ್ಸೇಲ್ಸ್‌ನಲ್ಲಿ ಸತ್ತ. ಗೇಯಸ್ ಕ್ರಿ.ಶ. 4ರಲ್ಲಿ ಇಂದಿನ ತುರ್ಕಿಯ ದಕ್ಷಿಣ ಕರಾವಳಿಯಲ್ಲಿ, ಆರ್ಮೇನಿಯಾದ ಕೋಟೆಯೊಂದರ ಮುಂದೆ ಆದ ಗಾಯ ಮಾಯದೆ ಸತ್ತ. ಅಜ್ಜಿ ರೋಮಿನಲ್ಲಿ. ಟ್ಯಾಸಿಟಸ್ ಇಲ್ಲಿ ಒಂದು ಚಮತ್ಕಾರ ಮಾಡುತ್ತಾನೆ. ವಿಧಿಯೋ, ಮಲತಾಯಿ ಲಿವಿಯಾಳ ಸಂಚೋ ಎಂದು ಎರಡು ಆಯ್ಕೆ ಕೊಟ್ಟು ಮುಂದೆ ಹೋಗಿಬಿಡುತ್ತಾನೆ. ವಕೀಲನಾಗಿದ್ದವನು, ಸಾಬೀತು ಮಾಡಲಾಗದ್ದನ್ನು ನ್ಯಾಯಾಧೀಶನ ಕಿವಿಗೆ ಹಾಕುವುದು ಹೇಗೆಂದು ಅವನಿಗೆ ಗೊತ್ತು. ಸಂಚಿನ ಬಗ್ಗೆ ಅವನು ಒಂದೇ ಒಂದು ಪುರಾವೆ ಕೊಡುವುದಿಲ್ಲ.

ಇನ್ನು ಅಗಸ್ಟಸ್. ಕ್ರಿ.ಶ. 14ರ ಆಗಸ್ಟ್, ನೋಲಾ ಎಂಬ ಊರು, 76 ತುಂಬಲು ತಿಂಗಳಷ್ಟೇ ಬಾಕಿ. ಕೆಲವರು ಹೆಂಡತಿಯನ್ನು ಶಂಕಿಸಿದರು ಎಂದು ಟ್ಯಾಸಿಟಸ್ ಅರ್ಧ ವಾಕ್ಯದಲ್ಲಿ ಹೇಳುತ್ತಾನೆ. ಹೇಳುವುದು ಘಟನೆಯಾಗಿ ಸುಮಾರು 100 ವರ್ಷದ ಮೇಲೆ. ಅಂಜೂರದ ಹಣ್ಣು ಅವನಲ್ಲಿ ಇಲ್ಲ. ಅದು ಸಿಗುವುದು ಡಿಯೊನಲ್ಲಿ, ಅವನು ಬರೆದದ್ದು ಘಟನೆಯಾಗಿ 200 ವರ್ಷದ ಮೇಲೆ, ಅವನೂ ಅದನ್ನು ಹೇಳುವುದು ವದಂತಿಯಾಗಿಯೇ. ಇವರಿಬ್ಬರ ನಡುವೆ ಸ್ವೆಟೋನಿಯಸ್ ಇದ್ದಾನೆ. ಹೇಡ್ರಿಯನ್ ಚಕ್ರವರ್ತಿಯ ಕಾರ್ಯಾಲಯದಲ್ಲಿ ಕೆಲಸ ಮಾಡಿದವನು, ಅಗಸ್ಟಸ್ ಸ್ವಂತ ಕೈಯಿಂದ ಬರೆದ ಪತ್ರಗಳನ್ನು ನೋಡಿ ಉದ್ಧರಿಸಿದವನು. ಅವನ ಪ್ರಕಾರ ಮುದುಕನಿಗೆ ಪ್ರಯಾಣದಲ್ಲಿ ಹೊಟ್ಟೆ ಕೆಟ್ಟಿತು, ನೋಲಾದಲ್ಲಿ ಮಲಗಿದ, ತನ್ನ ತಂದೆ ಸತ್ತ ಕೋಣೆಯಲ್ಲೇ, ಲಿವಿಯಾಳಿಗೆ ಮುತ್ತಿಡುತ್ತ, ನರಳದೆ ಪ್ರಾಣ ಬಿಟ್ಟ. ವಿಷದ ಸುಳಿವೇ ಇಲ್ಲ. ಚಕ್ರವರ್ತಿಗಳ ಹಾಸಿಗೆಯ ಕೆಳಗೆಲ್ಲ ತಡಕಾಡಿ ಕೊಳಕು ಸುದ್ದಿ ಹೆಕ್ಕಿದ ಮನುಷ್ಯ ಇವನು. ಇಂಥವನು ಸಿಕ್ಕ ವಿಷದ ಕತೆಯನ್ನು ಬಿಟ್ಟುಕೊಡುತ್ತಿದ್ದನೆ?

ಕ್ರಿ.ಶ. 29ರಲ್ಲಿ ಲಿವಿಯಾ ತೀರಿಕೊಂಡಾಗ ಟ್ಯಾಸಿಟಸ್ ಅವಳಿಗೆ ಬರೆದ ಚರಮಲೇಖದಲ್ಲೂ ವಿಷ ಇಲ್ಲ. ಅಧಿಕಾರದ ತಾಯಿ, ಹೊಂದಿಕೊಂಡು ಹೋದ ಹೆಂಡತಿ, ಗಂಡನ ಜಾಣತನಕ್ಕೂ ಮಗನ ಕಪಟಕ್ಕೂ ಸರಿಸಾಟಿ ಎನ್ನುತ್ತಾನೆ. ಹೊಗಳಿಕೆಯೇನಲ್ಲ. ಆದರೆ ಕೊಲೆಗಾತಿ ಎಂದು ಬರೆಯುವ ಧೈರ್ಯ ಅವನಿಗೂ ಬರಲಿಲ್ಲ.

ಕನ್ನಡದಲ್ಲಿ 'ಅಂತೆ' ಎಂಬ ಒಂದು ಪುಟ್ಟ ಪದವಿದೆ. ಮಾತಿನ ಕೊನೆಗೆ ಅದನ್ನು ಹಚ್ಚಿದರೆ ಸಾಕು, ನಾನು ಕಂಡಿಲ್ಲ, ಕೇಳಿದ್ದೇನೆ, ಹೊಣೆ ನನ್ನದಲ್ಲ ಎಂದಾಗುತ್ತದೆ. ಇಂಗ್ಲಿಷಿಗೆ ಇದನ್ನು ಹೇಳಲು ಅರ್ಧ ವಾಕ್ಯ ಬೇಕು. ಟ್ಯಾಸಿಟಸ್ ಬರೆದದ್ದು ಅಂತೆ. ಡಿಯೊ ಬರೆದದ್ದೂ ಅಂತೆಯೇ, ಜೊತೆಗೊಂದು ಹಣ್ಣು. 1934ರಲ್ಲಿ ಗ್ರೇವ್ಸ್ ಕೈಗೆ ಬಂದಾಗ ಲಿವಿಯಾ ಸ್ವತಃ ಮೊಮ್ಮಗನ ಮುಂದೆ ಊಟಕ್ಕೆ ಕುಳಿತು ತಪ್ಪೊಪ್ಪಿಕೊಳ್ಳುತ್ತಾಳೆ. ತಪ್ಪೊಪ್ಪಿಗೆಗೆ ಅಂತೆ ಹತ್ತುವುದಿಲ್ಲ. 1976ರ ಬಿಬಿಸಿ ಧಾರಾವಾಹಿಯಲ್ಲಿ ಶಾನ್ ಫಿಲಿಪ್ಸ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಅಲ್ಲಿಂದ ಮುಂದೆ ಲಿವಿಯಾಗೆ ಬೇರೆ ಮುಖವೇ ಉಳಿಯಲಿಲ್ಲ. ಸೆಕೆಂಡ್‌ಹ್ಯಾಂಡ್ ಪುಸ್ತಕದ ರಟ್ಟು ಉದುರಿದರೆ ನಾವು ಗಮ್ ಹಚ್ಚುತ್ತೇವೆ. ಉದುರಿದ ಅಂತೆಯನ್ನು ಮತ್ತೆ ಅಂಟಿಸುವವರು ಯಾರು?

ಗ್ರೇವ್ಸ್‌ನನ್ನು ಬೈಯುವುದು ನನ್ನ ಉದ್ದೇಶವಲ್ಲ. ಹಣದ ತುರ್ತಿಗೆ ಬರೆದೆ ಎಂದು ಅವನೇ ಹೇಳಿಕೊಂಡಿದ್ದಾನೆ; ಬರೆದದ್ದು ಮಾತ್ರ ಬೆರಗಿನ ಪುಸ್ತಕ. ಅವನು ಹಿಡಿದ ಜಾಗವೂ ಎಂಥದ್ದು! ಕ್ಲಾಡಿಯಸ್ ನಿಜಕ್ಕೂ ಇತಿಹಾಸಕಾರನಾಗಿದ್ದ. 8 ಸಂಪುಟಗಳ ಆತ್ಮಕಥೆ ಬರೆದಿದ್ದ ಎಂದು ಸ್ವೆಟೋನಿಯಸ್ ಹೇಳುತ್ತಾನೆ. ಒಂದು ಪುಟವೂ ಉಳಿದಿಲ್ಲ. ಸೀಸರನ ಕೊಲೆಯಿಂದ ಆರಂಭಿಸಿ ಇತಿಹಾಸ ಬರೆಯಲು ಹೊರಟಾಗ ತಾಯಿಯೂ ಅಜ್ಜಿಯೂ ಮತ್ತೆ ಮತ್ತೆ ಗದರಿದ್ದರಿಂದ, ಅಂತರ್ಯುದ್ಧದ ದಿನಗಳ ಬಗ್ಗೆ ನಿಜ ಬರೆಯುವುದು ಆಗದ ಮಾತೆಂದು ತಿಳಿದು ಆ ಭಾಗವನ್ನು ಕೈಬಿಟ್ಟನಂತೆ. ಆ ಅಜ್ಜಿಯೇ ಲಿವಿಯಾ. ಕಳೆದುಹೋದ ಪುಸ್ತಕವನ್ನು, ಅದೂ ಬಾಯಿ ಮುಚ್ಚಿಸಲ್ಪಟ್ಟವನ ಪುಸ್ತಕವನ್ನು ಬರೆದುಕೊಡುತ್ತೇನೆ ಎಂದು ಹೊರಡುವ ಕಾದಂಬರಿಗೆ ಮರುಳಾಗದೆ ಇರುವುದು ಹೇಗೆ? ನಾನೂ ಆದೆ. ಇಪ್ಪತ್ತರ ಹರೆಯದಲ್ಲಿ ಆ ಪುಸ್ತಕ ಮುಗಿಸಿ ಲಿವಿಯಾಳ ಬಗ್ಗೆ ನಾಲ್ಕು ಜನರ ಮುಂದೆ ಅಧಿಕಾರವಾಣಿಯಿಂದ ಮಾತಾಡಿದ್ದು ನೆನಪಿದೆ.

ನನ್ನ ಬಾಯಿ ಮುಚ್ಚಿಸಿದ್ದೂ ಗ್ರೇವ್ಸ್‌ನೇ. 1957ರಲ್ಲಿ ಪೆಂಗ್ವಿನ್‌ಗಾಗಿ ಸ್ವೆಟೋನಿಯಸ್‌ನ 'ಹನ್ನೆರಡು ಸೀಸರರು' ಕೃತಿಯನ್ನು ಇಂಗ್ಲಿಷಿಗೆ ತಂದವನು ಅವನು. ಒಬ್ಬನೇ ಮನುಷ್ಯ, ಒಂದು ಪುಸ್ತಕದಲ್ಲಿ ಅಂಜೂರಕ್ಕೆ ವಿಷ ಸವರಿಸುತ್ತಾನೆ, ಇನ್ನೊಂದರಲ್ಲಿ ಗಂಡ ಹೆಂಡತಿಗೆ ಮುತ್ತಿಟ್ಟು ಸಾಯುವುದನ್ನು ಅನುವಾದಿಸುತ್ತಾನೆ. ಹಳೆ ಪುಸ್ತಕದ ರಾಶಿಯಲ್ಲಿ ಈ ಎರಡು ಪುಸ್ತಕ ಅಕ್ಕಪಕ್ಕ ಬಿದ್ದಿರುವುದನ್ನು ಎಷ್ಟು ಸಲ ನೋಡಿದ್ದೇನೋ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಡುವವರನ್ನೂ ನೋಡಿದ್ದೇನೆ.

ಹೀಗೆಂದರೆ ತಕ್ಷಣ ಬರುವ ಮಾತು: "ಅಯ್ಯೋ, ಕಾದಂಬರಿ ತಾನೆ?" ಈ ಮಾತಿಗೆ ನಾನು ಕಿಂಚಿತ್ತೂ ಮರ್ಯಾದೆ ಕೊಡುವುದಿಲ್ಲ. ಕಾದಂಬರಿ ಅಂತಾದರೆ ಅಗಸ್ಟಸ್ ಹೇಗೆ ಸತ್ತ ಎಂಬ ಪ್ರಶ್ನೆಗೆ ಅದನ್ನೇಕೆ ಉತ್ತರವಾಗಿ ಕೊಟ್ಟಿರಿ? ಹೊಗಳುವಾಗ "ಎಷ್ಟೊಂದು ಇತಿಹಾಸ ಕಲಿತೆ" ಎನ್ನುವುದು, ಸಿಕ್ಕಿಬಿದ್ದಾಗ "ಕಲ್ಪನೆಯ ಸ್ವಾತಂತ್ರ್ಯ" ಎನ್ನುವುದು, ಇದು ಎರಡು ದೋಣಿಯ ಮೇಲಿನ ಕಾಲು. ಕಾದಂಬರಿಕಾರರು ಈ ವಿಷಯದಲ್ಲಿ ಅಭಿಮಾನಿಗಳಿಗಿಂತ ಎಷ್ಟೋ ಪ್ರಾಮಾಣಿಕರು. ಥಾರ್ನ್‌ಟನ್ ವೈಲ್ಡರ್ 1948ರ 'ದಿ ಐಡ್ಸ್ ಆಫ್ ಮಾರ್ಚ್' ಆರಂಭದಲ್ಲೇ ಕ್ರಿ.ಪೂ. 62ರ ಹಗರಣವೊಂದನ್ನು 17 ವರ್ಷ ಮುಂದಕ್ಕೆ ಎಳೆದಿದ್ದೇನೆ, ಸತ್ತವರನ್ನು ಬದುಕಿಸಿಟ್ಟುಕೊಂಡಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಜಾನ್ ವಿಲಿಯಮ್ಸ್ 'ಅಗಸ್ಟಸ್' ಕಾದಂಬರಿಗೆ ಅಂಥದೇ ಟಿಪ್ಪಣಿ ಹಾಕಿದ. ಮಾರ್ಗರೀತ್ ಯೂರ್ಸೆನಾರ್ ಹೇಡ್ರಿಯನ್‌ನ ಆತ್ಮಕಥನದಂತೆ ಬರೆದ ಕಾದಂಬರಿಯ ಕೊನೆಗೆ ಆಕರಗಳ ದೀರ್ಘ ಟಿಪ್ಪಣಿಯನ್ನೇ ಜೋಡಿಸಿದಳು. ಗ್ರೇವ್ಸ್ ಕೂಡ ಎರಡನೆಯ ಭಾಗದ ಮುನ್ನುಡಿಯಲ್ಲಿ ತಾನು ಬಳಸಿದ ಪ್ರಾಚೀನ ಲೇಖಕರನ್ನು ಹೆಸರಿಸುತ್ತಾನೆ. ಅವರೆಲ್ಲ ಬಾಗಿಲು ತೋರಿಸಿದ್ದಾರೆ. ನಾವು ಆ ಪುಟಗಳನ್ನು ಮಗುಚಿಬಿಡುತ್ತೇವೆ.

ಇನ್ನೊಂದು ವಾದಕ್ಕೆ ಮಾತ್ರ ತೂಕವಿದೆ. ಟ್ಯಾಸಿಟಸ್‌ನೇ ಗಾಸಿಪ್ ಬರೆದಿದ್ದಾನೆಂದು ನೀವೇ ಹೇಳಿದಿರಿ, ಹಾಗಾದರೆ ಗ್ರೇವ್ಸ್‌ಗೂ ಅವನಿಗೂ ಏನು ವ್ಯತ್ಯಾಸ? ವ್ಯತ್ಯಾಸ ಇಷ್ಟೆ: ಟ್ಯಾಸಿಟಸ್‌ನಲ್ಲಿ ಹೊಲಿಗೆ ಕಾಣುತ್ತದೆ. 'ಕೆಲವರು ಶಂಕಿಸಿದರು' ಎಂಬಲ್ಲಿ ಬೆರಳಿಟ್ಟು ಯಾರು ಆ ಕೆಲವರು ಎಂದು ಕೇಳಬಹುದು. ಒಳ್ಳೆಯ ಕಾದಂಬರಿಯಲ್ಲಿ ಹೊಲಿಗೆ ಕಾಣಬಾರದು, ಕಂಡರೆ ಅದು ಕೆಟ್ಟ ಕಾದಂಬರಿ. ಹಾಗಾಗಿ ಕಾದಂಬರಿ ಎಷ್ಟು ಚೆನ್ನಾಗಿದೆಯೋ ಪಕ್ಕದಲ್ಲಿ ಆಕರ ಇರುವ ಅಗತ್ಯ ಅಷ್ಟು ಹೆಚ್ಚು.

ಆ ಆಕರವಾದರೂ ಎಂಥ ಹಳೆ ಪುಸ್ತಕದ ದಾರದಲ್ಲಿ ತೂಗಾಡಿಕೊಂಡು ಬಂದಿದೆ! ಲಿವಿಯಾ ಬರುವ ಪುಟಗಳೆಲ್ಲ ಟ್ಯಾಸಿಟಸ್‌ನ 'ಆನಲ್ಸ್' ಮೊದಲ ಆರು ಭಾಗಗಳಲ್ಲಿವೆ. ಇಡೀ ಜಗತ್ತಿನಲ್ಲಿ ಅವು ಉಳಿದದ್ದು ಒಂಬತ್ತನೆಯ ಶತಮಾನದ ಒಂದೇ ಒಂದು ಹಸ್ತಪ್ರತಿಯಲ್ಲಿ. ಅದು ಜರ್ಮನಿಯ ಕೊರ್ವೈ ಮಠದಿಂದ ಕಳವಾಗಿ, 1508ರ ಸುಮಾರಿಗೆ ರೋಮಿಗೆ ಬಂದು, ಹತ್ತನೆಯ ಲಿಯೊ ಪೋಪ್‌ನ ಕೈ ಸೇರಿ, 1515ರಲ್ಲಿ ಅಚ್ಚಾಯಿತು. ಪೋಪ್ ಮೂಲವನ್ನು ಹಿಂದಿರುಗಿಸಲಿಲ್ಲ. ಅಚ್ಚಾದ ಒಂದು ಪ್ರತಿಯನ್ನೂ, ಜೊತೆಗೆ ಪಾಪಕ್ಷಮೆಯ ಪತ್ರವನ್ನೂ ಮಠಕ್ಕೆ ಕಳಿಸಿದ. ಕದ್ದ ಪುಸ್ತಕ ಇಂದಿಗೂ ಫ್ಲಾರೆನ್ಸ್‌ನಲ್ಲಿದೆ. ಪುಸ್ತಕ ಎರವಲು ಪಡೆದು ಹಿಂದಿರುಗಿಸದ ನನ್ನ ಗೆಳೆಯರು ಇದರಿಂದ ಸಮಾಧಾನಪಟ್ಟುಕೊಳ್ಳಬೇಕಿಲ್ಲ. ಅವರು ಪ್ರತಿ ಪ್ರತಿಯನ್ನೂ ಕಳಿಸಿಲ್ಲ, ಕ್ಷಮಾಪತ್ರವನ್ನೂ ಕಳಿಸಿಲ್ಲ.

ಹಳೆ ಪುಸ್ತಕಗಳಿಗೆ ಗೊತ್ತಿಲ್ಲದ್ದೂ ಇದೆ, ಅದನ್ನು ಒಪ್ಪಬೇಕು. 1980ರ ದಶಕದ ಕೊನೆಯಲ್ಲಿ ದಕ್ಷಿಣ ಸ್ಪೇನಿನಲ್ಲಿ ಕಂಚಿನ ಫಲಕಗಳು ಸಿಕ್ಕವು. ಜರ್ಮ್ಯಾನಿಕಸ್‌ನ ಸಾವಿನ ಸಂಬಂಧ ಪೀಸೊ ಎಂಬವನ ಮೇಲೆ ನಡೆದ ವಿಚಾರಣೆಯ ಬಗ್ಗೆ ಕ್ರಿ.ಶ. 20ರಲ್ಲಿ ಸೆನೆಟ್ ಹೊರಡಿಸಿದ ನಿರ್ಣಯ ಅದರಲ್ಲಿದೆ. ಪಾಠ ಪ್ರಕಟವಾದದ್ದು 1996ರಲ್ಲಿ. ಪೀಸೊನ ಹೆಂಡತಿಯನ್ನು ಲಿವಿಯಾ ಕೋರಿಕೆಯ ಮೇಲೆ ಬಿಟ್ಟುಬಿಟ್ಟೆವು ಎಂದು ಸೆನೆಟ್ ಬಹಿರಂಗವಾಗಿ ಬರೆಸಿದೆ, ಎಲ್ಲ ವರ್ಗದ ಜನರಿಗೆ ಅವಳು ಮಾಡಿದ ಉಪಕಾರಗಳನ್ನು ಹೊಗಳಿದೆ. ಟ್ಯಾಸಿಟಸ್ ಇದನ್ನು ನಾಚಿಕೆಗೇಡಿನ ರಾಜಿಯಾಗಿ ಚಿತ್ರಿಸಿದ್ದ. ಸರ್ಕಾರಿ ಫಲಕವೇ ಸತ್ಯ ಎಂದು ನಾನು ಹೇಳುವುದಿಲ್ಲ. ಸರ್ಕಾರಿ ಫಲಕಗಳ ಬಗ್ಗೆ ನಮಗೆ ಗೊತ್ತಿಲ್ಲವೆ. ಆದರೆ ಅವಳ ಬಗ್ಗೆ ಅವಳು ಬದುಕಿದ್ದಾಗಲೇ ಬರೆದ ಮಾತು ಅದು, 100 ವರ್ಷದ ಮೇಲಿನದ್ದಲ್ಲ.

ಇದೆಲ್ಲ ಎಲ್ಲಿಯದೋ ರಾಣಿಯ ಮಾತಾಯಿತು ಎನ್ನುವವರು ಶಿವಗಂಗೆ ಬೆಟ್ಟ ಹತ್ತಿ ಬನ್ನಿ. ವಿಷ್ಣುವರ್ಧನನ ರಾಣಿ ಶಾಂತಲೆ ಇಲ್ಲಿಂದಲೇ ಹಾರಿ ಪ್ರಾಣ ಬಿಟ್ಟಳು ಎಂದು ಬಂಡೆಯ ಅಂಚು ತೋರಿಸುತ್ತಾರೆ, ಮಕ್ಕಳಿಲ್ಲದ ಕೊರಗು ಎಂದು ಕಾರಣವನ್ನೂ ಕೊಡುತ್ತಾರೆ. ಅವಳು ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಹಾರಿದಳು ಎಂದು ಹೇಳುವುದಿಲ್ಲ. ಇಲ್ಲೂ ಅಂತೆ ಉದುರಿದೆ. ಐತಿಹಾಸಿಕ ಕಾದಂಬರಿಯನ್ನು ಇಷ್ಟು ಪ್ರೀತಿಸುವ ಭಾಷೆಯಲ್ಲಿ ಶಾಸನ ಸಂಪುಟಗಳು ರದ್ದಿ ಅಂಗಡಿಯಲ್ಲಿ ಗಿರಾಕಿಯಿಲ್ಲದೆ ಕೂತಿರುವುದನ್ನು ನೋಡಿದವರಿಗೆ ನನ್ನ ಸಿಟ್ಟು ಅರ್ಥವಾದೀತು.

ಕೊಳ್ಳುವವರಿಗೆ ಒಂದೆರಡು ಮಾತು. ಗ್ರೇವ್ಸ್‌ನ ಸ್ವೆಟೋನಿಯಸ್ ಅನುವಾದ ತುಸು ಸ್ವಚ್ಛಂದವಾದದ್ದು; 1979ರಲ್ಲಿ ಮೈಕೆಲ್ ಗ್ರಾಂಟ್ ಅದನ್ನು ಪರಿಷ್ಕರಿಸಿದ. ಓದುವ ಸುಖಕ್ಕೆ ಹಳೆಯದು, ನೆಚ್ಚಲು ಪರಿಷ್ಕೃತ. ಟ್ಯಾಸಿಟಸ್‌ನ 'ಆನಲ್ಸ್' ಅನುವಾದವೂ ಗ್ರಾಂಟ್‌ನದೇ, 1956ರದು, ಹುಡುಕಿದರೆ ಸಿಗುತ್ತದೆ. ಡಿಯೊ ಬೇಕಾದರೆ ಹಸಿರು ರಟ್ಟಿನ ಲೋಬ್ ಸಂಪುಟಗಳಿಗಾಗಿ ಕಣ್ಣಿಟ್ಟಿರಬೇಕು, ಅವು ಅಪರೂಪ, ಅಂಗಡಿಯವರಿಗೂ ಅದು ಗೊತ್ತು. ಪುಟದ ಅಂಚಿನಲ್ಲಿ ಗೀಚಿದ ಪ್ರತಿ ಸಿಕ್ಕರೆ ಬಿಡಬೇಡಿ. ನನ್ನ ಸ್ವೆಟೋನಿಯಸ್‌ನಲ್ಲಿ ಅಗಸ್ಟಸ್ ಸಾಯುವ ಪುಟದ ಪಕ್ಕ ಯಾರೋ ಪೆನ್ಸಿಲಿನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅವರೂ ಕಾದಂಬರಿ ಓದಿಯೇ ಇತ್ತ ಬಂದಿರಬೇಕು.